ಎಲುಬಿಗೆ ಹೆಸರು: ಒಂಡಾಟ್ಜೆಯವರ ‘ಅನಿಲ್ಸ್ ಗೋಸ್ಟ್’ ಕಾದಂಬರಿಯನ್ನು ಕುರಿತು

ಮೈಕೇಲ್ ಒಂಡಾಟ್ಜೆಯವರ ‘ಅನಿಲ್ಸ್ ಗೋಸ್ಟ್’ ಪ್ರಕಟವಾದದ್ದು 2000ದಲ್ಲಿ. ಕೊಲಂಬೋದಲ್ಲಿ 1943ರಲ್ಲಿ ಹುಟ್ಟಿ, ಕೆನಡಾದಲ್ಲಿ ನೆಲಸಿ, ಇಂಗ್ಲಿಷಿನಲ್ಲಿ ಬರೆಯುವ ಈ ಲೇಖಕರು ತಮ್ಮ ಹುಟ್ಟುನಾಡಿನ ದಾರುಣವಾದ ಒಂದು ಕಾಲವನ್ನು ಇಲ್ಲಿ ವಸ್ತುವಾಗಿ ಆರಿಸಿಕೊಂಡಿದ್ದಾರೆ. 1980ರ ದಶಕದ ನಡುವಿನಿಂದ 1990ರ ದಶಕದ ಮೊದಲ ವರ್ಷಗಳವರೆಗೆ, ಉತ್ತರದಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ಹೋರುತ್ತಿದ್ದ ಗೆರಿಲ್ಲಾ ಪಡೆ, ದಕ್ಷಿಣದಲ್ಲಿ ಸರಕಾರದ ಮೇಲೆ ತಿರುಗಿಬಿದ್ದ ಬಂಡಾಯಗಾರರು, ಈ ಎರಡನ್ನೂ ಹತ್ತಿಕ್ಕಲು ಹೊರಟ ಸರಕಾರ, ಈ ಮೂರರ ನಡುವೆ ಸಿಕ್ಕಿದ ಸಿಂಹಳದ ಜನ ಸಹಸ್ರ ಸಂಖ್ಯೆಯಲ್ಲಿ ಕಾಣೆಯಾದರು. ಕಾಣೆಯಾದವನು ಸತ್ತನೆಂದು ಶ್ರಾದ್ಧ ಮಾಡುವಂತಿಲ್ಲ. ಬದುಕಿರುವನೆಂದು ಬಾಗಿಲು ತೆರೆದಿಟ್ಟು ಕಾಯುವುದಕ್ಕೂ ಮಿತಿಯುಂಟು. ಇಂಥ ಸ್ಥಿತಿಯಲ್ಲಿ ಮಣ್ಣಿನಿಂದೆದ್ದ ಎಲುಬಿಗೆ ಹೆಸರನ್ನು ಹುಡುಕಿ ಕೊಡುವ ಶಾಸ್ತ್ರವೊಂದನ್ನು ಕಾದಂಬರಿಯ ನಡುಗಂಬವಾಗಿ ನಿಲ್ಲಿಸಿದ್ದು ಒಂಡಾಟ್ಜೆಯವರ ವಿಶೇಷ.

ಈ ಕೃತಿಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ರಾಜಕೀಯದ ಸುತ್ತಲೇ ತಿರುಗಿದೆ. ಲೇಖಕರು ಯಾವ ಪಕ್ಷವನ್ನೂ ಹಿಡಿಯದೆ ಜಾರಿಕೊಂಡರೆಂದು ಕೆಲವರೂ, ಬೌದ್ಧ ಸಿಂಹಳದ ಚೆಲುವಿಗೆ ಮನಸೋತು ತಮಿಳರ ಸಂಕಟವನ್ನು ಅಂಚಿಗೆ ಸರಿಸಿದರೆಂದು ಕೆಲವರೂ ಆಕ್ಷೇಪಿಸಿದ್ದಾರೆ. ಆ ಚರ್ಚೆಗೆ ಇಲ್ಲಿ ನಾವು ಇಳಿಯುವುದಿಲ್ಲ. ಕಾದಂಬರಿಯೊಳಗಿನ ಶಾಸ್ತ್ರವನ್ನು ಶಾಸ್ತ್ರವೆಂದೇ ಹಿಡಿದು ನೋಡಿದರೆ ಕೃತಿಯ ಬಲವೆಲ್ಲಿ, ಬಿರುಕೆಲ್ಲಿ ಎಂಬುದು ಕಂಡೀತೆಂಬುದು ನಮ್ಮ ಭಾವನೆ.

ಕಥೆಯ ಎಳೆಯನ್ನು ಮೊದಲು ಹೇಳಬೇಕು. ಅನಿಲ್ ತಿಸ್ಸೆರ ಎಂಬ ತರುಣಿ ಹದಿನೈದು ವರ್ಷ ಪರದೇಶದಲ್ಲಿದ್ದು, ಜಿನೀವಾದ ಮಾನವ ಹಕ್ಕುಗಳ ಸಂಸ್ಥೆಯೊಂದರ ಪರವಾಗಿ ಸಿಂಹಳಕ್ಕೆ ಹಿಂದಿರುಗುತ್ತಾಳೆ. ಎಲುಬುಗಳನ್ನು ಪರೀಕ್ಷಿಸಿ ಅವು ಯಾರವು, ಸಾವು ಹೇಗಾಯಿತು ಎಂದು ನಿರ್ಣಯಿಸುವ ಮಾನವಶಾಸ್ತ್ರ ಅವಳ ವಿದ್ಯೆ. ಸರಕಾರ ಅವಳ ಜೊತೆಗೆ ಶರತ್ ದಿಯಸೇನ ಎಂಬ ಪುರಾತತ್ವಜ್ಞನನ್ನು ಗೊತ್ತುಮಾಡುತ್ತದೆ. ಬಂಡಾರವೇಲದ ಬಳಿಯ ಗುಹೆಗಳಲ್ಲಿ, ಸರಕಾರದ ಅನುಮತಿಯಿಲ್ಲದೆ ಯಾರೂ ಕಾಲಿಡಲಾಗದ ಪ್ರದೇಶದಲ್ಲಿ, ನಾಲ್ಕು ಅಸ್ಥಿಪಂಜರಗಳು ಸಿಗುತ್ತವೆ. ಇಂಗ್ಲಿಷ್ ಮಕ್ಕಳ ಎಣಿಕೆಯಾಟದ ಪದಗಳನ್ನು ತೆಗೆದುಕೊಂಡು ಅವಕ್ಕೆ ಟಿಂಕರ್, ಟೈಲರ್, ಸೋಲ್ಜರ್, ಸೇಲರ್ ಎಂದು ಹೆಸರಿಡುತ್ತಾರೆ. ಮೂರು ಬಹು ಹಳೆಯವು. ನಾಲ್ಕನೆಯದಾದ ಸೇಲರ್ ಇತ್ತೀಚಿನದು, ಸುಟ್ಟದ್ದು, ಒಂದು ಕಡೆ ಹೂಳಿ, ಕಿತ್ತು, ಮತ್ತೊಂದು ಕಡೆ ಹೂಳಿದ್ದು. ಸರಕಾರದ ಕಾವಲಿನ ನೆಲದಲ್ಲಿ ಇಂಥ ಎಲುಬು ಹೇಗೆ ಬಂದಿತು? ಸೇಲರನಿಗೆ ನಿಜವಾದ ಹೆಸರೊಂದು ದೊರೆತರೆ ಆರೋಪಕ್ಕೆ ಆಧಾರ ದೊರೆಯುತ್ತದೆ. ಉಳಿದುದೆಲ್ಲ ಆ ಹೆಸರಿನ ಹುಡುಕಾಟ.

ಹೆಸರೆಂಬುದು ಈ ಕೃತಿಯಲ್ಲಿ ಎಷ್ಟು ಬೆಲೆಯುಳ್ಳ ಪದಾರ್ಥವೆಂಬುದನ್ನು ಲೇಖಕರು ಮೊದಲೇ ಸೂಚಿಸಿದ್ದಾರೆ. ನಾಯಿಕೆ ತನ್ನ ಹೆಸರನ್ನು ಚಿಕ್ಕಂದಿನಲ್ಲಿ ಸೋದರನಿಂದ ಬೆಲೆಕೊಟ್ಟು ಕೊಂಡವಳು. ಅನಿಲ ಎಂಬುದು ನಮ್ಮ ಕಿವಿಗೂ ಗಂಡುಹೆಸರೇ. ಹಟಹಿಡಿದು ಹೆಸರನ್ನು ಗಳಿಸಿಕೊಂಡವಳು ಹೆಸರು ಕಳೆದುಕೊಂಡವನೊಬ್ಬನಿಗೆ ಅದನ್ನು ಮರಳಿ ಕೊಡಲು ಹೊರಡುತ್ತಾಳೆ. ಈ ಹೆಣಿಗೆ ಸೊಗಸಾದುದು. ಎಲ್ಲಿಯೂ ಎತ್ತಿ ತೋರಿಸದಿರುವುದರಿಂದ ಇನ್ನೂ ಸೊಗಸಾಗಿದೆ.

ಇನ್ನು ಶಾಸ್ತ್ರದ ಮಾತು. ಎಲುಬನ್ನು ನೋಡಿ ಏನನ್ನು ಹೇಳಬಹುದು? ಗಂಡೋ ಹೆಣ್ಣೋ ಎಂಬುದನ್ನು ಸೊಂಟದ ಎಲುಬಿನಿಂದ, ಅದು ವಯಸ್ಕರದಾಗಿ ಪೂರ್ತಿಯಾಗಿ ದೊರೆತರೆ, 100ಕ್ಕೆ 90ಕ್ಕೂ ಮಿಕ್ಕಿ ಸರಿಯಾಗಿ ಹೇಳಬಹುದು. ಮಕ್ಕಳ ಎಲುಬಿನಿಂದ ಹಾಗೆ ಹೇಳಲಾಗದು. ವಯಸ್ಸನ್ನು ಬೆಳೆಯುವ ಎಲುಬಿನ ತುದಿಗಳು ನಡುವಿನ ಭಾಗದೊಡನೆ ಬೆಸೆದುಕೊಳ್ಳುವ ಕ್ರಮದಿಂದ ಊಹಿಸುತ್ತಾರೆ. ಎದೆಯ ಕಡೆಯ ಕೊರಳೆಲುಬಿನ ತುದಿ ಕಡೆಯಲ್ಲಿ, ಇಪ್ಪತ್ತರ ದಶಕದ ಉತ್ತರಾರ್ಧದ ಹೊತ್ತಿಗೆ, ಬೆಸೆಯುತ್ತದೆ. ಈ ಕ್ರಮವನ್ನು ಕೊರಿಯಾ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಎಲುಬುಗಳ ಮೇಲೆ ಮೆಕೆರ್ನ್ ಮತ್ತು ಸ್ಟೂವರ್ಟ್ ಎಂಬ ವಿದ್ವಾಂಸರು ಪರಿಶೀಲಿಸಿ 1957ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ವಯಸ್ಸು ಏರಿದಂತೆ ಊಹೆಯ ಅಂತರವೂ ಏರುತ್ತದೆ. ಅರುವತ್ತರ ಮುದುಕನ ಎಲುಬು ತಾನು ಐವತ್ತರದೋ ಎಪ್ಪತ್ತರದೋ ಎಂಬುದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎತ್ತರವನ್ನು ಕೈಕಾಲುಗಳ ಉದ್ದನೆಯ ಎಲುಬಿನಿಂದ ಲೆಕ್ಕ ಹಾಕುತ್ತಾರೆ. ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡೀನ್ ಗ್ಲೆಸರ್ 1952ರಲ್ಲಿ ಕೊಟ್ಟ ಸೂತ್ರಗಳು ಲೋಕಪ್ರಸಿದ್ಧವಾದವು. ಆದರೆ ಮೊಣಕಾಲಿನ ಕೆಳಗಿನ ಎಲುಬನ್ನು ಅಳೆಯುವಾಗ, ಬರೆದಿಟ್ಟ ನಿಯಮಕ್ಕೆ ವಿರುದ್ಧವಾಗಿ, ಒಳಗಣ್ಣಿನ ಚಾಚನ್ನು ಬಿಟ್ಟು ಅಳೆದಿದ್ದರೆಂಬುದು 1990ರ ದಶಕದಲ್ಲಿ ಹೊರಬಿತ್ತು. ನಿಯಮದಂತೆಯೇ ಅಳೆದು ಆ ಸೂತ್ರವನ್ನು ಹಚ್ಚಿದವರೆಲ್ಲ ನಾಲ್ಕು ದಶಕ ಕಾಲ ಸತ್ತವರನ್ನು ಎರಡು ಮೂರು ಸೆಂಟಿಮೀಟರು ಎತ್ತರಿಸುತ್ತ ಬಂದಿದ್ದರು.

ಇದನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ಎಲುಬಿನ ಪರೀಕ್ಷೆ ತನ್ನಷ್ಟಕ್ಕೆ ತಾನು ಯಾರನ್ನೂ ಗುರುತಿಸುವುದಿಲ್ಲ. ಇಷ್ಟು ವಯಸ್ಸಿನ, ಇಷ್ಟು ಎತ್ತರದ ಗಂಡಸು ಎಂದು ಗುಂಪನ್ನು ಕಿರಿದು ಮಾಡುತ್ತದೆ, ಅಷ್ಟೆ. ಆ ಕಿರಿದಾದ ಗುಂಪಿನಲ್ಲಿ ಇವನೇ ಎನ್ನಲು ಇನ್ನೊಂದು ಬದಿಯ ದಾಖಲೆ ಬೇಕು: ಬದುಕಿದ್ದಾಗ ಹಲ್ಲಿನ ವೈದ್ಯನು ತೆಗೆದ ಎಕ್ಸ್‌ರೇ, ಮುರಿದು ಕೂಡಿಕೊಂಡ ತೋಳಿನ ವಿಷಯ ಬಲ್ಲ ಹೆಂಡತಿ, ಡಿ.ಎನ್.ಎ. ಹೋಲಿಕೆಗೆ ರಕ್ತ ಕೊಡುವ ತಾಯಿ. ತಲೆಬುರುಡೆಯ ಚಿತ್ರವನ್ನು ಭಾವಚಿತ್ರದ ಮೇಲೆ ಹೊಂದಿಸಿ ನೋಡುವ ವಿಧಾನವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ನಮ್ಮ ಸುಪ್ರೀಂ ಕೋರ್ಟು 1960ರ ದಶಕದ ಮೊದಲಲ್ಲೇ ಹೇಳಿದೆ. ಅಲ್ಲಿಯೂ ಮನೆಯವರು ಜೋಪಾನವಾಗಿಟ್ಟ ಭಾವಚಿತ್ರವೊಂದಿಲ್ಲದೆ ಬುರುಡೆ ಮೂಕವೇ. ಬೋಸ್ನಿಯಾದ ಸ್ರೆಬ್ರೆನಿತ್ಸದಲ್ಲಿ 1995ರಲ್ಲಿ ಕೊಲೆಯಾದ ಸುಮಾರು 8000 ಮಂದಿಯಲ್ಲಿ 7000ದ ಹತ್ತಿರ ಮಂದಿಯನ್ನು ಇಂದು ಗುರುತಿಸಲಾಗಿದೆಯೆಂದರೆ ಅದಕ್ಕೆ ಕಾರಣ ಪ್ರಯೋಗಶಾಲೆಯಷ್ಟೇ ಅಲ್ಲ, ರಕ್ತ ಕೊಡಲು ಸಾಲು ನಿಂತ ಬಂಧುಗಳು. ಅಲ್ಲಿಯೂ ಹೆಣಗಳನ್ನು ಒಂದು ಗುಂಡಿಯಿಂದ ಕಿತ್ತು ಮತ್ತೊಂದಕ್ಕೆ ಸಾಗಿಸಿದ್ದರು. ಒಬ್ಬನ ಎಲುಬುಗಳು ಹಲವು ಗುಂಡಿಗಳಲ್ಲಿ ಚೆದರಿಹೋಗಿದ್ದವು. ಸೇಲರನ ಎರಡು ಹೂಳಿಕೆ ಕವಿಕಲ್ಪನೆಯಲ್ಲವೆಂಬುದಕ್ಕೆ ಇದು ಸಾಕು.

ಒಂಡಾಟ್ಜೆಯವರಿಗೆ ಈ ಎರಡು ಬದಿಯ ಅರಿವು ಇತ್ತೇ? ಇತ್ತು. ಕಾದಂಬರಿ ತೆರೆಯುವುದೇ ಗ್ವಾಟೆಮಾಲದ ಗುಂಡಿಯೊಂದರ ಅಂಚಿನಲ್ಲಿ. ಅಗೆಯುವವರು ಬೆಳಗ್ಗೆ ಬರುವ ಮೊದಲೇ ಮನೆಯವರು ಅಲ್ಲಿ ಕಾದಿರುತ್ತಾರೆ. ಸಿಕ್ಕ ಹೆಣ ತಮ್ಮವನದಾಗಿದ್ದರೆ ಎಂಬ ಭಯ ಒಂದು, ಆಗಿರದಿದ್ದರೆ ಎಂಬ ಭಯ ಇನ್ನೊಂದು. ಈ ಎರಡಲುಗಿನ ಭಯವನ್ನು ಒಂದೆರಡು ಪುಟದಲ್ಲಿ ಇಷ್ಟು ಸಂಯಮದಿಂದ ಚಿತ್ರಿಸಿದ ಬೇರೆ ಬರಹವನ್ನು ನಾವು ಕಾಣೆವು. ಅರ್ಜೆಂಟೀನಾದಲ್ಲಿ 1984ರಲ್ಲಿ ಕ್ಲೈಡ್ ಸ್ನೋ ಎಂಬ ಅಮೆರಿಕನ್ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಸೇನಾಡಳಿತದ ಗುಪ್ತ ಗೋರಿಗಳನ್ನು ಬಗೆದಾಗಿನಿಂದ ಈ ಶಾಸ್ತ್ರಕ್ಕೆ ಒದಗಿದ ಹೊಸ ಮುಖವೂ ಇದೇ. ಅದಕ್ಕೆ ಮುಂಚೆ ಅದು ಬಹುಮಟ್ಟಿಗೆ ಪೋಲೀಸರಿಗೂ ಸೈನ್ಯಕ್ಕೂ ಒದಗುತ್ತಿದ್ದ ವಿದ್ಯೆ. ಅಲ್ಲಿಂದಾಚೆಗೆ ತಾಯಂದಿರಿಗೂ ಉತ್ತರ ಹೇಳಬೇಕಾದ ವಿದ್ಯೆಯಾಯಿತು.

ಇನ್ನೊಂದು ಪುಟವನ್ನೂ ಇಲ್ಲಿ ನೆನೆಯಬೇಕು. ಕಥೆಯ ನಡುವೆ ಯಾವ ಪೀಠಿಕೆಯೂ ಇಲ್ಲದೆ ಕಾಣೆಯಾದವರ ಪಟ್ಟಿಯೊಂದು ಬರುತ್ತದೆ. ಹೆಸರು, ವಯಸ್ಸು, ದಿನ, ಹೊತ್ತು, ಸ್ಥಳ. ಕೆಲವು ಕಡೆ ಆಗ ಅವನೇನು ಮಾಡುತ್ತಿದ್ದನೆಂಬ ಒಂದು ಮಾತು. ಅವಸರದ ಓದುಗ ಇದನ್ನು ಅಲಂಕಾರವೆಂದು ದಾಟಿಹೋದಾನು. ಆದರೆ ಶಾಸ್ತ್ರಜ್ಞನ ಮೇಜಿನ ಮೇಲೆ ಎಲುಬಿನ ಪಕ್ಕದಲ್ಲಿ ಇರಬೇಕಾದ ಎರಡನೆಯ ಕಾಗದ ಇದೇ. ಕಾದಂಬರಿ ಒಂದೆಡೆ ಹೆಸರಿಲ್ಲದ ಎಲುಬನ್ನೂ ಇನ್ನೊಂದೆಡೆ ಎಲುಬಿಲ್ಲದ ಹೆಸರುಗಳನ್ನೂ ಇಟ್ಟುಕೊಂಡಿದೆ. ಇವೆರಡನ್ನು ಎದುರುಬದುರು ಕೂಡಿಸಿ ನೋಡುವ ಕೆಲಸಕ್ಕೆ ಮಾತ್ರ ಮುಂದಾಗುವುದಿಲ್ಲ. ನಮ್ಮ ತಕರಾರು ಹುಟ್ಟುವುದು ಇಲ್ಲಿಂದ.

ಹೆಸರನ್ನು ಹುಡುಕಲು ಕಾದಂಬರಿ ಹಿಡಿಯುವ ದಾರಿಗಳು ಎರಡು. ಮೊದಲನೆಯದು ಕಸುಬಿನ ಗುರುತು. ಸೇಲರನ ತೋಳುಕಾಲುಗಳ ಎಲುಬಿನ ಮೇಲಿನ ಚಿಹ್ನೆಗಳಿಂದ ಅವನು ಯಾವ ಕೆಲಸ ಮಾಡುತ್ತಿದ್ದನೆಂದು ಅನಿಲ್ ತರ್ಕಿಸುತ್ತಾಳೆ. ರತ್ನದ ಗಣಿಯಲ್ಲಿ ದುಡಿದಿದ್ದ ಆನಂದ ಕುಕ್ಕುರುಗಾಲಿನಲ್ಲಿ ಕೂಡುವ ಬಗೆ ಅವಳಿಗೆ ಸುಳಿವು ಕೊಡುತ್ತದೆ. ಇದಕ್ಕೆ ಶಾಸ್ತ್ರಾಧಾರವಿಲ್ಲವೆನ್ನುವಂತಿಲ್ಲ. ಭಾರತ ಮತ್ತು ಸಿಂಹಳದ ಪ್ರಾಚೀನ ಅಸ್ಥಿಗಳ ಮೇಲೆ ಬಹುಕಾಲ ದುಡಿದ ಕೆನೆತ್ ಕೆನಡಿಯವರು ಮುಂಗೈ ಎಲುಬಿನ ಏಣೊಂದನ್ನು ಕಸುಬಿನ ಶ್ರಮದ ಗುರುತೆಂದು 1983ರಲ್ಲಿ ವಿವರಿಸಿದರು. ಅವರಿಗಿಂತ ಬಹಳ ಹಿಂದೆ, 1893ರಲ್ಲಿ, ಲಾಹೋರಿನಲ್ಲಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ವೈದ್ಯರು ಪಂಜಾಬಿಗಳ ಕಾಲೆಲುಬನ್ನು ಪರೀಕ್ಷಿಸಿ, ಕುಕ್ಕುರುಗಾಲಿನಲ್ಲಿ ಕೂಡುವ ಅಭ್ಯಾಸ ಕೀಲಿನ ಬಳಿ ಮೂಡಿಸುವ ನುಣುಪಾದ ಗುರುತುಗಳನ್ನು ಬಣ್ಣಿಸಿದ್ದರು.

ಆದರೆ ವಿಚಾರಿಸಬೇಕಾದದ್ದು ಇಲ್ಲಿಯೇ. ಕುಕ್ಕುರುಗಾಲಿನಲ್ಲಿ ಕೂಡುವುದು ನಮ್ಮ ದೇಶದಲ್ಲಾಗಲಿ ಸಿಂಹಳದಲ್ಲಾಗಲಿ ಒಂದು ಕಸುಬಲ್ಲ, ಕೂಡುವ ರೀತಿ. ಒಲೆಯ ಮುಂದೆ ಕೂಡುವವಳು, ಬೀಡಿ ಸೇದುತ್ತ ಗದ್ದೆಯ ಬದುವಿನ ಮೇಲೆ ಕೂಡುವವನು, ಬಾವಿಕಟ್ಟೆಯ ಬಳಿ ಪಾತ್ರೆ ಬೆಳಗುವವಳು, ಇವರೆಲ್ಲರ ಎಲುಬಿಗೂ ಆ ಗುರುತು ಬಂದೀತು. ಪಶ್ಚಿಮದ ಪ್ರಯೋಗಶಾಲೆಯಲ್ಲಿ ಅಪರೂಪವಾದ ಚಿಹ್ನೆ ನಮ್ಮಲ್ಲಿ ಗುಂಪನ್ನು ಕಿರಿದು ಮಾಡುವುದಿಲ್ಲ. ಸ್ನಾಯು ಅಂಟಿಕೊಂಡ ಕಡೆಯ ಒರಟುತನದಲ್ಲಿ ಕೆಲಸಕ್ಕಿಂತ ವಯಸ್ಸಿನದೂ ಮೈಗಾತ್ರದ್ದೂ ಪಾಲು ಹೆಚ್ಚೆಂಬುದನ್ನೂ ಈಚಿನ ಸಂಶೋಧನೆ ಎತ್ತಿ ತೋರಿಸಿದೆ. ಪರದೇಶದಲ್ಲಿ ಕಲಿತ ವಿದ್ಯೆಯನ್ನು ಊರಿನ ನೆಲಕ್ಕೆ ತಂದಾಗ ಆಗುವ ಈ ತೊಡಕನ್ನು ಲೇಖಕರು ಹಿಡಿದಿದ್ದರೆ ಅನಿಲಳ ಪಾತ್ರಕ್ಕೆ ಎಂಥ ಆಳ ಒದಗುತ್ತಿತ್ತು! ಅದರ ಬದಲು ಆನಂದನ ಕುಳಿತ ಭಂಗಿ ಪತ್ತೇದಾರಿ ಕಥೆಯ ಕೀಲಿಕೈಯಾಗಿಬಿಟ್ಟಿತು.

ಎರಡನೆಯ ದಾರಿ ಮುಖದ ಪುನರ್ನಿರ್ಮಾಣ. ಬುರುಡೆಯ ಮೇಲೆ ಜೇಡಿಮಣ್ಣಿನ ಮಾಂಸವನ್ನಿಟ್ಟು ಮುಖವನ್ನು ಕಡೆಯುವ ಕೆಲಸ ಆನಂದ ಉಡುಗಮನದು. ಅವನು ಬುದ್ಧವಿಗ್ರಹಗಳಿಗೆ ಕಣ್ಣು ಬರೆಯುತ್ತಿದ್ದ ಕುಶಲಿ. ಹೆಂಡತಿ ಸಿರಿಸ್ಸ ಕಾಣೆಯಾದ ಮೇಲೆ ಕುಡಿತಕ್ಕೆ ಬಿದ್ದವನು. ಮುಖದ ಮಾಂಸದ ದಪ್ಪವನ್ನು ಅಳೆದು ಬುರುಡೆಗೆ ಮುಖ ಕೊಡುವ ಪ್ರಯತ್ನ ಜರ್ಮನಿಯಲ್ಲಿ ವೆಲ್ಕರ್ 1883ರಲ್ಲಿ ಮಾಡಿದ ಅಳತೆಗಳಿಂದ ಮೊದಲಾಗಿ, 1895ರಲ್ಲಿ ವಿಲ್ಹೆಲ್ಮ್ ಹಿಸ್ ಸಂಗೀತಗಾರ ಬಾಖ್‌ನದೆನ್ನಲಾದ ಬುರುಡೆಯ ಮೇಲೆ ನಡೆಸಿದ ಪರೀಕ್ಷೆಯಿಂದ ಪ್ರಸಿದ್ಧವಾಯಿತು. ಆದರೆ ಮೂಗಿನ ತುದಿ, ತುಟಿ, ಕಿವಿ, ಕಣ್ಣಿನ ಭಾವ ಇವುಗಳಿಗೆ ಎಲುಬಿನಲ್ಲಿ ಪೂರ್ತಿ ಆಧಾರವಿಲ್ಲ. ಹೀಗೆ ಮಾಡಿದ ಮುಖ ಗುರುತಿನ ಸಾಕ್ಷ್ಯವಲ್ಲ; ಯಾರಾದರೂ ಕಂಡು “ಇವನು ನಮ್ಮವನಂತಿದ್ದಾನೆ” ಎಂದರೆ ವಿಚಾರಣೆಗೆ ಒಂದು ತುದಿ ಸಿಕ್ಕಿತು, ಅಷ್ಟೆ.

ಕಾದಂಬರಿಯ ಅತ್ಯುತ್ತಮ ಭಾಗ ಇದು. ಆನಂದ ಕಡೆದ ಮುಖ ಶಾಂತವಾಗಿದೆ, ಸಂಕಟದಲ್ಲಿ ಸತ್ತವನೊಬ್ಬನ ಮುಖಕ್ಕೆ ಸಲ್ಲದಷ್ಟು ಶಾಂತವಾಗಿದೆ. ಅದು ಸೇಲರನ ಹೋಲಿಕೆಯಲ್ಲ. ತನ್ನ ಹೆಂಡತಿಗೆ ಸಾವಿನಲ್ಲಿ ಯಾವ ನೆಮ್ಮದಿಯನ್ನು ಅವನು ಬಯಸಿದನೋ ಆ ನೆಮ್ಮದಿಯನ್ನು ಪರರ ಬುರುಡೆಯ ಮೇಲೆ ಹಚ್ಚಿದ್ದಾನೆ. ಅದನ್ನು ಕಂಡು ಅನಿಲ್ ಅಳುತ್ತಾಳೆ. ಇಲ್ಲಿ ಲೇಖಕರು ಶಾಸ್ತ್ರದ ಮಿತಿಯನ್ನು ಶಾಸ್ತ್ರಜ್ಞರಿಗಿಂತ ಚೆನ್ನಾಗಿ ಕಂಡಿದ್ದಾರೆ. ಎಲುಬು ಬಿಟ್ಟುಕೊಡದ ಜಾಗವನ್ನು ತುಂಬುವವನು ತನ್ನ ದುಃಖದಿಂದಲೇ ತುಂಬುತ್ತಾನೆ.

ಈ ಮಾತು ಇನ್ನೂ ಸ್ಪಷ್ಟವಾಗುವುದು ಪಾಲಿಪಾನ ಎಂಬ ವೃದ್ಧ ಶಾಸನತಜ್ಞನ ಪಾತ್ರದಲ್ಲಿ. ಶರತ್ತನ ಗುರುವಾದ ಇವನು ದೇಶದ ಹಿರಿಯ ವಿದ್ವಾಂಸನಾಗಿದ್ದು, ಕಲ್ಲಿನಲ್ಲಿಲ್ಲದ ಸಾಲುಗಳ ನಡುವಣ ಪಾಠವನ್ನು ಓದಿದನೆಂಬ ಅಪವಾದಕ್ಕೆ ಸಿಕ್ಕಿ ಮಾನ ಕಳೆದುಕೊಂಡು, ಕುರುಡನಾಗಿ ಕಾಡು ಸೇರಿದ್ದಾನೆ. ಕನ್ನಡದ ಅಧ್ಯಾಪಕರಿಗೆ ಇವನ ತಪ್ಪಿನ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಕಲ್ಲು ಒಡೆದು ತ್ರುಟಿತವಾದ ಸಾಲನ್ನು ಅರ್ಥಕ್ಕೂ ಛಂದಸ್ಸಿಗೂ ಹೊಂದುವಂತೆ ತುಂಬುವುದು ನಮ್ಮ ಶಾಸನಸಂಪಾದಕರ ನಿತ್ಯದ ಕೆಲಸ. ಆದರೆ ತುಂಬಿದ ಅಕ್ಷರವನ್ನು ಕಂಸದಲ್ಲಿಡುತ್ತಾರೆ. ಕಲ್ಲಿನದು ಯಾವುದು, ಸಂಪಾದಕನದು ಯಾವುದು ಎಂಬುದು ಓದುಗನಿಗೆ ತಿಳಿಯಬೇಕು. ಪಾಲಿಪಾನ ಕಂಸವನ್ನು ತೆಗೆದುಹಾಕಿದ. ಆನಂದನೂ ತೆಗೆದುಹಾಕಿದ, ಆದರೆ ಅವನು ವಿದ್ವಾಂಸನಲ್ಲ, ಕಲಾವಿದ. ಎಲುಬಿನ ಪರೀಕ್ಷಕ ಈ ಇಬ್ಬರ ನಡುವೆ ನಿಂತವನು. ಅವನ ವರದಿಯಲ್ಲಿ ಕಂಸ ಬಿಟ್ಟುಹೋದರೆ ಒಬ್ಬಳು ತಾಯಿ ಪರರ ಮಗನನ್ನು ಮಣ್ಣು ಮಾಡುತ್ತಾಳೆ. ಈ ಮೂವರನ್ನು ಒಂದೇ ಕಥೆಯಲ್ಲಿ ಕೂಡಿಸಿದ್ದು ಒಂಡಾಟ್ಜೆಯವರ ಪ್ರತಿಭೆಗೆ ಸಾಕ್ಷಿ.

ಅಂತೂ ಊರಿಂದೂರಿಗೆ ವಿಚಾರಣೆ ನಡೆದು ಹೆಸರು ದೊರೆಯುತ್ತದೆ: ರುವಾನ್ ಕುಮಾರ. ಮರದಿಂದ ಕಳ್ಳು ಇಳಿಸುತ್ತಿದ್ದವನು, ಬಿದ್ದು ಕಾಲು ಮುರಿದ ಮೇಲೆ ಗ್ರಾಫೈಟ್ ಗಣಿಗೆ ಸೇರಿದವನು. ಮುಸುಕು ಹಾಕಿದವನೊಬ್ಬ ತಲೆಯಾಡಿಸಿ ತೋರಿಸಿಕೊಟ್ಟದ್ದರಿಂದ ಹಿಡಿದೊಯ್ಯಲ್ಪಟ್ಟವನು. ಇಷ್ಟು ದೂರ ನಡೆದು ಬಂದ ಓದುಗನಿಗೆ ಈ ಹೆಸರು ಬರುವ ಜಾಗ ಅಚ್ಚರಿಯನ್ನುಂಟುಮಾಡುತ್ತದೆ. ಕೆಲವೇ ಸಾಲು, ಕಥೆ ಮುಂದಕ್ಕೆ ಸಾಗಿಬಿಡುತ್ತದೆ. ಅವನಿಗಾಗಿ ಕಾದಿದ್ದವರು ಯಾರು, ಅವರಿಗೆ ಈ ಸುದ್ದಿ ಏನಾಯಿತು ಎಂಬುದಕ್ಕೆ ಕಾದಂಬರಿಯಲ್ಲಿ ಎಡೆಯಿಲ್ಲ. ಗ್ವಾಟೆಮಾಲದ ಗುಂಡಿಯ ಬಳಿ ಕಾದಿದ್ದ ಬಂಧುಗಳು ಸಿಂಹಳದಲ್ಲಿ ಎಲ್ಲಿ ಹೋದರು?

ಇದು ಮರೆವಲ್ಲ, ಒಂದು ನಂಬಿಕೆಯ ಫಲ. ಒಬ್ಬನಿಗೆ ಹೆಸರು ದೊರೆತರೆ ಅವನು ಎಲ್ಲರ ಪರವಾಗಿಯೂ ನಿಲ್ಲುತ್ತಾನೆಂಬುದು ಅನಿಲಳ ನಂಬಿಕೆ. ಕಾದಂಬರಿಯೂ ಅದನ್ನು ಬಹುಮಟ್ಟಿಗೆ ಒಪ್ಪಿಕೊಂಡಂತಿದೆ. ಕಾವ್ಯದಲ್ಲಿ ಈ ನ್ಯಾಯ ಸಲ್ಲುತ್ತದೆ. ಒಂದು ಹೂವು ವಸಂತವನ್ನೆಲ್ಲ ಹೇಳಬಲ್ಲುದು. ಆದರೆ ಎಲುಬಿನ ಶಾಸ್ತ್ರ ನಿಂತಿರುವುದು ಇದಕ್ಕೆ ನೇರ ವಿರುದ್ಧವಾದ ನ್ಯಾಯದ ಮೇಲೆ. ಒಂದು ಅಸ್ಥಿಪಂಜರ ಒಬ್ಬನದೇ. ಅದು ಪಕ್ಕದ ಮನೆಯವನ ಪರವಾಗಿ ನಿಲ್ಲಲಾರದು. ನಿಲ್ಲುವುದಾದರೆ ಪಕ್ಕದ ಮನೆಯವನನ್ನು ಅಗೆದು ತೆಗೆಯುವ ಅಗತ್ಯವೇ ಉಳಿಯದು.

ಈ ಮಾತು ಬರಿಯ ತರ್ಕವಲ್ಲವೆಂಬುದನ್ನು ಸಿಂಹಳದ ಇತ್ತೀಚಿನ ಚರಿತ್ರೆ ತೋರಿಸುತ್ತದೆ. ಯಾಳ್ಪಾಣದ ಬಳಿಯ ಚೆಮ್ಮಣಿಯಲ್ಲಿ ನೂರಾರು ಹೆಣಗಳನ್ನು ಹೂಳಲಾಗಿದೆಯೆಂದು ಶಿಕ್ಷೆಗೊಳಗಾದ ಸೈನಿಕನೊಬ್ಬ 1998ರಲ್ಲಿ ಹೇಳಿದ. 1999ರಲ್ಲಿ, ಎಂದರೆ ಕಾದಂಬರಿ ಹೊರಬರುವ ಹಿಂದಿನ ವರ್ಷ, ಅಗೆದಾಗ ದೊರೆತದ್ದು 15 ಮಂದಿಯ ಅವಶೇಷ. ಆ 15 ಉಳಿದ ನೂರಾರರ ಪರವಾಗಿ ಸಾಕ್ಷಿ ಹೇಳಿ ಮುಗಿಸಿತೆ? ಇಲ್ಲ. 2025ರಲ್ಲಿ ಚೆಮ್ಮಣಿಯ ಸ್ಮಶಾನದಲ್ಲಿ ಮತ್ತೆ ಎಲುಬು ಕಂಡು, ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಅಗೆದು, 200ಕ್ಕೂ ಮಿಕ್ಕ ಅಸ್ಥಿಪಂಜರಗಳನ್ನು ತೆಗೆದರು. ಅವುಗಳಲ್ಲಿ ಮಕ್ಕಳವೂ ಇದ್ದವು. ಮನ್ನಾರಿನ ನಿದರ್ಶನ ಇನ್ನೂ ಜಟಿಲವಾದುದು. ಅಲ್ಲಿ 2018ರಲ್ಲಿ ಕಟ್ಟಡದ ಪಾಯ ತೆಗೆಯುವಾಗ ಕಂಡ ಗುಂಡಿಯಲ್ಲಿ 300ಕ್ಕೂ ಮಿಕ್ಕ ಅಸ್ಥಿಪಂಜರಗಳಿದ್ದವು. ಕೆಲವು ಮಾದರಿಗಳನ್ನು ಅಮೆರಿಕಕ್ಕೆ ಕಳುಹಿಸಿ ಇಂಗಾಲದ ಕಾಲನಿರ್ಣಯ ಮಾಡಿಸಿದಾಗ ಅವು 15ರಿಂದ 17ನೆಯ ಶತಮಾನದ ನಡುವಣವೆಂಬ ಉತ್ತರ 2019ರಲ್ಲಿ ಬಂದಿತು. ತಮ್ಮವರನ್ನು ಕಾದಿದ್ದವರಿಗೆ, ಅವರ ವಕೀಲರಿಗೆ, ಈ ಉತ್ತರ ಸುಲಭವಾಗಿ ಒಪ್ಪತಕ್ಕದ್ದಾಗಿ ತೋರಲಿಲ್ಲ. ಬಂಡಾರವೇಲದ ಗುಹೆಯಲ್ಲಿ ಮೂರು ಹಳೆಯ ಎಲುಬಿನ ನಡುವೆ ಒಂದು ಹೊಸ ಎಲುಬನ್ನಿಟ್ಟ ಕಾದಂಬರಿಕಾರನ ಊಹೆಯನ್ನು ಚರಿತ್ರೆ ತಿರುವು ಮುರುವು ಮಾಡಿದಂತಿದೆ.

ಕಾದಂಬರಿಯ ಮುಕ್ತಾಯವನ್ನು ಹಲವರು ಕೊಂಡಾಡಿದ್ದಾರೆ. ಒಡೆದುಹೋದ ಬುದ್ಧನ ಬೃಹತ್ ಪ್ರತಿಮೆಯನ್ನು ಚೂರು ಚೂರು ಹೊಂದಿಸಿ ನಿಲ್ಲಿಸಿ, ಹೊಸದೊಂದು ಪ್ರತಿಮೆಗೆ ಆನಂದ ಕಣ್ಣು ಬರೆಯುತ್ತಾನೆ. ಆ ಎತ್ತರದಿಂದ ಅವನಿಗೆ ಕಾಣುವ ಹೊಲ, ಕಾಡು, ಹಕ್ಕಿಗಳ ವರ್ಣನೆ ನಿಜವಾಗಿಯೂ ಮನೋಹರವಾಗಿದೆ. ಆದರೆ ಹೋಲಿಕೆ ಎಲ್ಲಿ ಜಾರಿತೆಂಬುದನ್ನು ಗಮನಿಸಬೇಕು. ಪ್ರತಿಮೆಯ ಚೂರುಗಳನ್ನು ಕೂಡಿಸುವವನಿಗೆ ಅದು ಯಾರ ಮುಖವೆಂಬ ಪ್ರಶ್ನೆಯೇ ಇಲ್ಲ. ಬುದ್ಧನ ಮುಖವನ್ನು ಎಲ್ಲರೂ ಬಲ್ಲರು. ರುವಾನ್ ಕುಮಾರನ ಮುಖವನ್ನು ಬಲ್ಲವರು ಒಂದು ಊರಿನ ಕೆಲವು ಮಂದಿ. ಅವರನ್ನು ಕೇಳದೆ ಹೊರಟ ಕಥೆ ಎಲ್ಲರೂ ಬಲ್ಲ ಮುಖದ ಬಳಿಗೆ ಬಂದು ಸಮಾಧಾನಪಟ್ಟುಕೊಂಡಿತು. ಶರತ್ತನ ಸಾವು, ಅವನ ತಮ್ಮನಾದ ವೈದ್ಯ ಗಾಮಿನಿ ಅಣ್ಣನ ಹೆಣವನ್ನು ಗುರುತಿಸುವ ಪ್ರಸಂಗ ಇವು ಈ ಸಮಾಧಾನಕ್ಕಿಂತ ಸತ್ಯವಾದವು. ಚಿಕ್ಕಂದಿನಿಂದ ಬಲ್ಲ ಮೈಯನ್ನು ಒಡಹುಟ್ಟಿದವನ ಕಣ್ಣು ಗುರುತಿಸುತ್ತದೆ. ಕಾದಂಬರಿಯಲ್ಲಿ ನಡೆಯುವ ನಿಸ್ಸಂದೇಹವಾದ ಗುರುತಿಸುವಿಕೆ ಇದೊಂದೇ, ಇದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಲಿಲ್ಲ.

ಸೇಲರನ ಎಲುಬುಗಳನ್ನು ನಾವು ಕಡೆಯ ಬಾರಿ ಕಾಣುವುದು ಬಂದರಿನಲ್ಲಿ ನಿಂತ ಹಳೆಯ ಹಡಗಿನೊಳಗೆ. ಅಧಿಕಾರಿಗಳು ಕಿತ್ತುಕೊಂಡಿದ್ದ ಅಸ್ಥಿಪಂಜರವನ್ನು ಶರತ್ ತನ್ನ ಪ್ರಾಣಕ್ಕೆ ಸಂಚಕಾರ ತಂದುಕೊಂಡು ಅನಿಲಳಿಗೆ ಮರಳಿಸಿದ್ದಾನೆ. ಅದರ ಪಕ್ಕೆಲುಬುಗಳ ನಡುವೆ ಟೇಪ್ ರೆಕಾರ್ಡರೊಂದನ್ನು ಅಡಗಿಸಿಟ್ಟಿದ್ದಾನೆ. ಅನಿಲ್ ಗುಂಡಿಯೊತ್ತಿದಾಗ ಶರತ್ತನ ದನಿ ಕೇಳಿಸುತ್ತದೆ: ಬೆಳಗಾಗುವುದರೊಳಗೆ ವರದಿಯನ್ನು ಮುಗಿಸಿ ದೇಶ ಬಿಟ್ಟು ಹೊರಡಬೇಕು. ವರದಿ ಜಿನೀವಾಕ್ಕೆ ಹೋಗುತ್ತದೆಂದು ನಾವು ಊಹಿಸಬಹುದು. ಎಲುಬುಗಳು ಗಣಿಯ ಆ ಊರಿಗೆ ಹೋದವೇ ಎಂಬುದನ್ನು ಕಾದಂಬರಿ ಹೇಳುವುದಿಲ್ಲ.